ಉಪವಾಸದ ಉಂಡೆ

ಹರ್ತಿಯಲ್ಲಿ ಅಂದಾನಪ್ಪನ ಹೊಲಿಗೆ ಅಂಗಡಿಗೆ ಹಿಂಬಾಗಿಲು ಇಟ್ಟದ್ದು ಗಾಳಿಗೆಂದು ಜನ ತಿಳಿದಿದ್ದರು. ಪಾಯಖಾನೆಗೆ ಅದೇ ಹತ್ತಿರದ ದಾರಿ ಎಂಬುದು ಅವನೊಬ್ಬನಿಗೇ ಗೊತ್ತು. ಎಂಟು ವರ್ಷದಿಂದ ಅವನ ದೊಡ್ಡ ಕರುಳಿನಲ್ಲಿ ಹುಣ್ಣು. ಮಾಯುತ್ತದೆ, ಮತ್ತೆ ಏಳುತ್ತದೆ. ಎದ್ದಾಗ ದಿನಕ್ಕೆ ಹತ್ತು ಸಲ ಓಡಿಸುತ್ತದೆ, ರಕ್ತ ಬೀಳುತ್ತದೆ. ಹೆಂಡತಿ ಗುರುಸಿದ್ದವ್ವನಿಗೆ ಹೇಳಿದ್ದು ಬರೀ ‘ಹೊಟ್ಟಿ ತ್ರಾಸ’ ಎಂದು. ರಕ್ತದ ಮಾತು ತೆಗೆದರೆ ಅವಳು ಅಳುತ್ತಾಳೆ, ಅತ್ತರೆ ಓಣಿಗೆ ತಿಳಿಯುತ್ತದೆ, ತಿಳಿದರೆ ಜಂಪರ್ ಹೊಲಿಯಲು ಕೊಡುವ ಹೆಂಗಸರು ಮೊದಲು ಅವನ ಕೈ ಶುದ್ಧವೇ ಎಂದು ನೋಡುತ್ತಾರೆ. ಹೀಗೆ ಒಂದಕ್ಕೊಂದು ಹೊಲಿಗೆಯ ಟಾಕು ಹಾಕಿಕೊಂಡು ಸುಮ್ಮನಿದ್ದ.

ಕೊಳವೆ ಬಿಟ್ಟು ಕರುಳು ನೋಡುವ ಪರೀಕ್ಷೆಗೆಂದು ಗದಗಿನ ಆಸ್ಪತ್ರೆಯವರು ಒಂದು ಚೀಟಿ ಕೊಟ್ಟಿದ್ದರು. ಹಿಂದಿನ ದಿನ ನೀರು, ಎಳನೀರು, ತಿಳಿಸಾರು ಬಿಟ್ಟು ಏನೂ ಕೂಡದು. ಸಂಜೆಯಿಂದ ಪುಡಿ ಕಲಸಿದ ನೀರು ಕುಡಿಯಬೇಕು. ಚೀಟಿ ತೋರಿಸಿದರೆ ಎಲ್ಲ ಹೇಳಬೇಕಾಗುತ್ತದೆ. ಅದನ್ನು ಅಂಗಿಯ ಕಿಸೆಯಲ್ಲೇ ಇಟ್ಟು, "ನಾಳಿ ನಂದು ಉಪವಾಸ" ಎಂದ.

ಯಾವ ದೇವರದೆಂದು ಗುರುಸಿದ್ದವ್ವ ಕೇಳಲಿಲ್ಲ. ಬೆಳಿಗ್ಗೆ ಶಿವರಾತ್ರಿಗೆ ಮಾಡಿದ ಹಾಗೆಯೇ ಸಾಬೂದಾನಿ ಖಿಚಡಿ, ಎರಡು ಶೇಂಗಾ ಉಂಡೆ ಇಟ್ಟಳು. ಅವನು ತಿಂದ. ಉಪವಾಸದ ದಿನ ಫಳಾರ ಮಾಡಿದರೆ ಉಂಡ ಹಾಗಲ್ಲ ಎಂಬುದನ್ನು ಆ ಮನೆಯಲ್ಲಿ ಯಾರೂ ಯಾರಿಗೂ ಕಲಿಸಿಕೊಟ್ಟದ್ದಲ್ಲ. ತಟ್ಟೆ ಖಾಲಿಯಾದ ಮೇಲೆ ಚೀಟಿಯ ನೆನಪಾಯಿತು. ಸಂಜೆ ಅಂಗಡಿಯಲ್ಲೇ ಕುಳಿತು ಪುಡಿಯ ನೀರನ್ನು ಒಂದು ಹನಿ ಬಿಡದೆ ಕುಡಿದ. ಮರುದಿನ ‘ಹೊಟ್ಟಿ ತೋರಿಸ್ಕೊಂಡು ಬರ್ತೀನಿ’ ಎಂದಷ್ಟೇ ಹೆಂಡತಿಗೆ ಹೇಳಿ, ಗದಗಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದ.

ಹತ್ತು ದಿನ ಬಿಟ್ಟು ವರದಿ ಬಂತು. ಗದಗಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹಾಳೆ ತಿರುವಿ ನಿಧಾನವಾಗಿ ಹೇಳಿದರು.

"ಒಂದು ಕಡಿಂದ ತುಣುಕು ತಗದು ಕಳಿಸಿದ್ವಲ್ರಿ, ಅದರಾಗಿನ ಜೀವಕೋಶ ಸ್ವಲ್ಪ ಬ್ಯಾರೆ ಥರ ಕಾಣಸ್ತಾವು. ಹುಣ್ಣಿನ ಉರಿಗೆ ಹಂಗ ಆಗಿರಬಹುದು. ಇಲ್ಲಾ, ಮುಂದ ಕ್ಯಾನ್ಸರ್ ಆಗೂ ಬದಲಾವಣಿ ಸುರು ಆಗಿರಬಹುದು. ಯಾವುದಂತ ಈಗ ಹೇಳಾಕ ಬರಂಗಿಲ್ಲ."

"ಅಂದ್ರ, ಐತೋ ಇಲ್ಲೋ?"

"ಐತಿ ಅನ್ನಾಕಾಗಂಗಿಲ್ಲ. ಇಲ್ಲ ಅನ್ನಾಕೂ ಆಗಂಗಿಲ್ಲ. ಔಷಧ ಹೆಚ್ಚು ಮಾಡ್ತೀನಿ. ಉರಿ ಇಳೀಲಿ, ಮೂರು ತಿಂಗಳಿಗೆ ಮತ್ತ ನೋಡೂಣು." ಅವರ ಬೆರಳು ಇನ್ನೊಂದು ಸಾಲಿಗೆ ಇಳಿಯಿತು. "ಬಲಗಡಿ ಕರುಳು ಸ್ವಚ್ಛ ಆಗಿರಲಿಲ್ಲ, ಕಂಡಿಲ್ಲ. ಪುಡಿ ಪೂರಾ ಕುಡದ್ರಿ?"

"ಕುಡದೇನ್ರಿ."

"ಏನಾರ ತಿಂದಿದ್ರಿ?"

"ಇಲ್ರಿ."

"ಹಂಗಾರ ಎಲ್ಲೋ ಕರುಳು ಬಿಗದಿರಬೇಕು. ಒಂದು ಸ್ಕ್ಯಾನ್ ಮಾಡಿಸ್ರಿ."

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಾಗ ಗುರುಸಿದ್ದವ್ವನ ಫೋನ್ ಬಂತು.

"ಏನಂದ್ರು?"

"ಏನಿಲ್ಲ."

"ಏನಿಲ್ಲಂದ್ರ ಏನ್ರೀ?"

"ಬಸ್ ಬಂತು, ಇಡ್ತೀನಿ."

ಬಸ್ ಬಂದಿರಲಿಲ್ಲ. ಬಂದ ಮೇಲೂ ಅವನು ಹತ್ತಲಿಲ್ಲ. ಅಷ್ಟು ಜನರ ನಡುವೆ, ನನಗೆ ಹೀಗಾಗಿದೆ ಎನ್ನಲು ಒಂದು ಮುಖ ಕಾಣಲಿಲ್ಲ. ವರದಿ ಬಿಡಿಸಿದ, ಇಂಗ್ಲಿಷಿನ ಸಾಲುಗಳಲ್ಲಿ ತನ್ನ ಹೆಸರೊಂದು ಬಿಟ್ಟು ಏನೂ ತಿಳಿಯಲಿಲ್ಲ. ಆದರೆ ಅದರಲ್ಲಿದ್ದ ಎರಡು ಅನುಮಾನಗಳಲ್ಲಿ ಒಂದು, ಕರುಳು ಬಿಗಿದಿದೆ ಎಂಬುದು, ತನ್ನ ಬಾಯಿಂದಲೇ ಹುಟ್ಟಿದ್ದು ಎಂದು ತಿಳಿದಿತ್ತು. ಎದ್ದು ಆಸ್ಪತ್ರೆಗೆ ಮರಳಿದ.

ಡಾಕ್ಟರಮ್ಮ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಿದ್ದರು.

"ಮೇಡಂ, ಶೇಂಗಾ ಉಂಡಿ ತಿಂದಿದ್ದೆರಿ. ಎರಡು." ತಲೆ ಎತ್ತದೆ ಸೇರಿಸಿದ, "ಸಾಬೂದಾನಿನೂ."

"ಚೀಟಿ ಕೊಟ್ಟಿರಲಿಲ್ಲೇನ್ರಿ?"

"ಕೊಟ್ಟಿದ್ರಿ. ಮನ್ಯಾಗ ಉಪವಾಸ ಅಂತ ಹೇಳಿದ್ದೆ."

ಅವರಿಗೆ ನಗು ಬಂತು. ಮತ್ತೆ ಕುಳಿತು ಸ್ಕ್ಯಾನಿನ ಸಾಲು ಹೊಡೆದು ಹಾಕಿ, ಮುಂದಿನ ಪರೀಕ್ಷೆಗೆ ಹೊಸ ಚೀಟಿ ಕೊಟ್ಟರು. "ಈಗ ಸ್ಕ್ಯಾನ್ ಬ್ಯಾಡ. ಮುಂದಿನ ಸಲ ಉಂಡಿ ತಿನಬ್ಯಾಡ್ರಿ ಮತ್ತ."

"ಆ ತುಣುಕಿಂದು?"

ನಗು ಇಳಿಯಿತು. "ಅದು ಹಂಗ ಐತ್ರಿ."

ಹರ್ತಿಗೆ ಬಂದಾಗ ಅಂಗಡಿಯ ಮೆಟ್ಟಿಲ ಮೇಲೆ ಸುಗ್ರಾಬಿ ಕುಳಿತಿದ್ದಳು. ಹದಿನೈದು ದಿನದ ಹಿಂದೆ ಮೊಮ್ಮಗಳ ಜಂಪರಿಗೆ ಬಟ್ಟೆ ಕೊಟ್ಟವಳು.

"ಏನಪಾ ಅಂದಾನಪ್ಪಾ, ನನ್ನ ಮಮ್ಮಗಳು ಮುದುಕಿ ಆಗೂದ್ರಾಗರ ಕೊಡ್ತೀಯೇನು? ಇವತ್ತೂ ನಾಳಿ ಅಂತೀ, ನಂಗೊತ್ತೈತಿ."

ನಾಳೆ ಎನ್ನುವುದು ಅವನ ಬಾಯಿಗೆ ತಾನಾಗಿಯೇ ಬರುವ ಮಾತು. ಇಂದು ಬರಲಿಲ್ಲ. "ಇನ್ನೂ ಕತ್ತರಿನ ಹಚ್ಚಿಲ್ಲಕ್ಕಾ. ಯಾವಾಗ ಆಗ್ತೈತಿ, ನನಗ ಗೊತ್ತಿಲ್ಲ."

ಬೈಯಲು ಸಜ್ಜಾಗಿ ಬಂದಿದ್ದ ಸುಗ್ರಾಬಿ ಅವನ ಮುಖ ನೋಡಿ ಎದ್ದಳು. "ಇರಲಿ ಬಿಡು. ಮೊದಲ ನೀರು ಕುಡಿ."

ಗೊತ್ತಿಲ್ಲ ಎನ್ನುವುದು ಇಷ್ಟು ಸುಲಭವೆಂದು ಅವನಿಗೆ ತಿಳಿದಿರಲಿಲ್ಲ. ಆ ಧೈರ್ಯದಲ್ಲೇ ಮನೆಗೆ ಹೋಗಿ ಹೊಸ ಚೀಟಿಯನ್ನು ಹೆಂಡತಿಯ ಮುಂದಿಟ್ಟ. ಗುರುಸಿದ್ದವ್ವ ಬೆರಳು ಹಿಡಿದು ಓದಿದಳು. ‘ಎಳನೀರು, ತಿಳಿಸಾರು’ ಎಂಬಲ್ಲಿ ಬೆರಳು ನಿಂತಿತು. ಅವಳು ಹಲಗೆಯ ಮೇಲಿನ ಉಂಡೆಯ ಡಬ್ಬಿಯತ್ತ ನೋಡಿದಳು.

"ಅಯ್ಯ, ನಾನ ಕೆಡಿಸಿದ್ನೇನ್ರೀ?"

"ನಿಂದೇನೈತಿ? ನಾನ ಹೇಳಿದ್ದಿಲ್ಲ."

"ಮತ್ತ ಡಾಕ್ಟರ್ ಏನಂದ್ರು? ಖರೇ ಹೇಳ್ರಿ."

"ಗೊತ್ತಿಲ್ಲ ಅಂದ್ರು. ಮೂರು ತಿಂಗಳಿಗೆ ಮತ್ತ ನೋಡ್ತಾರಂತ."

ಅವಳು ಉಸಿರು ಬಿಟ್ಟಳು. "ಅಷ್ಟ ಹೌದಲ್ರಿ! ದೊಡ್ಡ ರೋಗ ಇದ್ದಿದ್ರ ಅವರಿಗೆ ಗೊತ್ತಾಗತಿದ್ದಿಲ್ಲೇನು? ಏನಿಲ್ಲಂತನ ಅದರರ್ಥ. ಕುಂಡ್ರಿ, ಬಿಸಿ ಅನ್ನ ಮಜ್ಜಿಗಿ ಹಾಕ್ತೀನಿ."

ಹತ್ತು ದಿನದ ಮೇಲೆ ಅವಳ ಮುಖ ಸಡಿಲವಾಗಿತ್ತು. ಅಲ್ಲ ಎನ್ನುವ ಮಾತು ಅವನ ಹಲ್ಲಿನ ತನಕ ಬಂದು ನಿಂತಿತು. ಅವಳು ಚೀಟಿಯನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ, ಎಳನೀರು ಯಾರ ತೋಟದಿಂದ ತರಿಸಬೇಕೆಂದು ಈಗಲೇ ಹೇಳತೊಡಗಿದಳು. ಅಂದಾನಪ್ಪ ಕೈ ತೊಳೆದು ತಟ್ಟೆಯ ಮುಂದೆ ಕುಳಿತ. ಅವಳು ಒಳಗೆ ಹೋದಾಗ ಎದ್ದು, ಕ್ಯಾಲೆಂಡರಿನ ಮೂರು ಹಾಳೆ ಎತ್ತಿ ನೋಡಿದ. ಕಿಸೆಯಲ್ಲಿದ್ದ ಹೊಲಿಗೆಯ ಸೀಮೆಸುಣ್ಣದಿಂದ ಒಂದು ದಿನದ ಮೇಲೆ ಗೀರು ಎಳೆದು, ಹಾಳೆಗಳನ್ನು ಮೆಲ್ಲಗೆ ಇಳಿಬಿಟ್ಟ.