ಅರಿಸಿನ ಹಚ್ಚಿದ ಬ್ಯಾಟರಿ

ಟಿಕ್, ಅಷ್ಟೇ, ಗಂಟಲವರೆಗೆ ಬಂದ ಮಾತು ಅಲ್ಲೇ ನಿಂತ ಹಾಗೆ, ಲಿಂಗಣ್ಣ ಮತ್ತೆ ಗುಂಡಿ ಒತ್ತುತ್ತಾನೆ, ಮತ್ತೆ ಟಿಕ್ — ಹೆಂಚಿನ ಸಂದಿಯಿಂದ ಬಿದ್ದ ಬಿಸಿಲು ಟ್ರಾಕ್ಟರಿನ ಮೂತಿಯ ಮೇಲೆ ನಡುಗುತ್ತಿದೆ, ಈ ಕೊಟ್ಟಿಗೆಯಲ್ಲಿ ಅಲುಗುತ್ತಿರುವುದು ಅದೊಂದೇ, ಹದ ಹೋಗ್ಬುಡ್ತದೆ ಅವ್ವಾರೇ ಎನ್ನುತ್ತಾನೆ ಅವನು, ಮೊನ್ನೆಯ ಮಳೆಯ ಹದ, ನಾಳೆಯೊಳಗೆ ಉಳದಿದ್ದರೆ ಹೊಲ ಮತ್ತೆ ಕಲ್ಲು, ಎತ್ತುಗಳಿಲ್ಲ, ಎತ್ತು ಮಾರಿಯೇ ಅಲ್ಲವೇ ನಮ್ಮ ಯಜಮಾನರು ಇದನ್ನು ತಂದದ್ದು, ಯಾವುದೋ ಕಬ್ಬಿನ ಫಾರಮ್ಮಿನವರು ಬೇಡವೆಂದ ಹಳೆಯ ಟ್ರಾಕ್ಟರು, ಅಕ್ಕಿಹೆಬ್ಬಾಳಿನವರೆಗೂ ಜನ ಬಂದು ನೋಡಿ ನಕ್ಕು ಹೋದರು, ಹ್ಯಾಂಡಲು ತಿರುವಿ ತಿರುವಿ ಲಿಂಗಣ್ಣನ ಭುಜ ಸೋತಿದೆ, ಬ್ಯಾಟರಿಯನ್ನು ಯಾರದೋ ಗಾಡಿಯಲ್ಲಿ ಕೃಷ್ಣರಾಜಪೇಟೆಗೆ ಒಯ್ದು ಚಾರ್ಜು ಮಾಡಿಸಿ ತಂದದ್ದೂ ಆಯಿತು, ಯುದ್ಧ ಶುರುವಾಗೈತೆ, ಸಾಮಾನು ಗೀಮಾನು ಕೇಳ್ಬ್ಯಾಡಿ ಎಂದನಂತೆ ಗ್ಯಾರೇಜಿನವನು. ಸಾಮಾನು ಬೇಕಿಲ್ಲ. ನಿನ್ನೆ ಮುಚ್ಚಳ ಎತ್ತಿ ನೋಡಿದೆ, ಯಾರಿಗೂ ಹೇಳಲಿಲ್ಲ, ತಂತಿ ಕಚ್ಚಿಕೊಳ್ಳುವ ಎರಡು ಸೀಸದ ಗೂಟಗಳ ಸುತ್ತ ನೀಲಿಬಿಳಿ ಪುಡಿ ಹೂವಿಟ್ಟಿದೆ, ಅದರ ಮೇಲೆ, ಅದರೊಳಗೆ, ಕ್ಲಾಂಪಿನ ಸಂದಿಯಲ್ಲೆಲ್ಲ ಪದರ ಪದರವಾಗಿ ಒಣಗಿ ಕರೆಂಟಿಗೆ ಅಡ್ಡ ನಿಂತ ಅರಿಸಿನ, ಅತ್ತೆಯ ಅರಿಸಿನ — ಇದ್ರ ಜೀವ ಇರೋದು ಇಲ್ಲಿ ಕಣವ್ವಾ ಎಂದು ಅವರೇ ಒಮ್ಮೆ ತಮ್ಮ ತಾಯಿಗೆ ಬ್ಯಾಟರಿ ತೋರಿಸಿ ನಕ್ಕಿದ್ದರು, ತಮಾಷೆಗೆ, ಅವರು ಚಳಿಜ್ವರದಲ್ಲಿ ಹೋದಮೇಲೆ ಅತ್ತೆ ಆ ಮಾತನ್ನೇ ಹಿಡಿದುಕೊಂಡರು, ಶುಕ್ರವಾರ ಶುಕ್ರವಾರ ಪೂಜೆ, ಮಾವ ತೀರಿಕೊಂಡಂದಿನಿಂದ ತಮ್ಮ ಕೆನ್ನೆಗೆ ಇಲ್ಲದ ಅರಿಸಿನವನ್ನು ಮಗನ ಕಬ್ಬಿಣಕ್ಕೆ ಹಚ್ಚುತ್ತಾರೆ.

ಅವತ್ತು ಮೊದಲ ಸಲ ಇದು ಏಳದೆ ನಿಂತಾಗ ಲಿಂಗಣ್ಣ ಬಯ್ದ, ಅತ್ತೆ ಬಯ್ಯಲಿಲ್ಲ, ಅವರ ಮುಖ ಬೆಳಗಿತು, ನನ್ ಮಗ ಇದ್ರಲ್ಲವ್ನೆ ಕಣ್ಲಾ ಲಿಂಗಾ, ಬ್ಯಾರೆಯೋನ ಕೈಗೆ ಬುಡ್ತಾ ಇಲ್ಲ, ಎಂದರು, ಒಳಗೆ ಬಂದು ಕೂತು ಮುದ್ದೆ ಉಂಡರು, ಮಗ ಸತ್ತಮೇಲೆ ಹೊಟ್ಟೆ ತುಂಬ ಉಂಡದ್ದು ಅಂದೇ, ನಾನು ಸಾರು ಬಡಿಸುತ್ತ ನೋಡುತ್ತಿದ್ದೆ, ಇನ್ನಷ್ಟು ಹಾಕು ಮಗಾ ಎಂದರು — ಈಗ ಇದು ಎದ್ದರೆ ಅವರ ಮಗ ಎಲ್ಲಿರುತ್ತಾನೆ, ನಾನು ಯಾವ ಬಾಯಲ್ಲಿ ಹೇಳಲಿ, ಅತ್ತೆ, ಅದು ಅವರಲ್ಲ, ನಿಮ್ಮ ಅರಿಸಿನ. ಕ್ಲಾಂಪು ಬಿಚ್ಚು ಲಿಂಗಣ್ಣ, ಎನ್ನುತ್ತಿದ್ದೇನೆ, ನನ್ನದೇ ದನಿ, ಬಿಸಿನೀರಿಗೆ ಬಟ್ಟೆ ಸೋಡಾ ಹಾಕಿ ತಂದಿದ್ದೇನೆ, ಅವನು ಸ್ಪ್ಯಾನರು ಹಿಡಿದು ಹಲ್ಲು ಕಿರಿಯುತ್ತಾನೆ, ಮೈಸೂರ್ ಕಾಲೇಜಲ್ಲಿ ಟ್ರಾಕ್ಟ್ರು ತಲೆಗೆ ನೀರಾಕೋದೂ ಹೇಳ್ಕೊಡ್ತಾರಾ ಅವ್ವಾರೇ, ಹೇಳಿಕೊಡುವುದಿಲ್ಲ, ಆಮ್ಲಕ್ಕೆ ಕ್ಷಾರ ಸುರಿದರೆ ನೊರೆ ಬರುವುದನ್ನು ಹೇಳಿಕೊಟ್ಟಿದ್ದರು, ಬಂತು ನೊರೆ, ಬುಸುಬುಸು ಎಂದು, ಒಳಗಿನಿಂದ ಅತ್ತೆ ಕಲ್ಲಿನ ಮೇಲೆ ಅರಿಸಿನದ ಕೊಂಬು ತೇಯುವ ಸದ್ದು, ಇವತ್ತೂ ಶುಕ್ರವಾರ, ಬಟ್ಟೆಯಿಂದ ಉಜ್ಜುತ್ತೇನೆ, ಕೊನೆಯ ರಾತ್ರಿ ಜ್ವರದಲ್ಲಿ ಟ್ರಾಕ್ಟರು ನೆನೀತಾ ಇದೆ ಸರಸೂ ಒಳಗೆ ತಗೊಳ್ಳಿ ಎನ್ನುತ್ತಿದ್ದರು, ಮಳೆಯೇ ಇರಲಿಲ್ಲ, ತಗೊಂಡೆವು ಎಂದೆ, ಹಣೆ ಒರೆಸಿದೆ, ಹೀಗೇ ಬಟ್ಟೆ ಅದ್ದಿ ಹಿಂಡಿ, ಅಯ್ಯೋ, ಬಟ್ಟೆ ಕೆಂಪಾಗಿದೆ, ಬೆರಳೆಲ್ಲ ಕೆಂಪು, ಸೋಡಾ ತಾಗಿದ ಅರಿಸಿನ, ಓಕುಳಿಯ ಕೆಂಪು, ಇದನ್ನು ಈ ಮನೆಯಲ್ಲಿ ನಾನು ಮುಟ್ಟುವಂತಿಲ್ಲ, ಲಿಂಗಣ್ಣ ನೋಡಿದ, ನೋಡದವನಂತೆ ಉಪ್ಪುಕಾಗದ ಚಾಚಿದ, ಸೀಸ ಉಜ್ಜಿದೆವು, ಬೆಳ್ಳಿಯಂತೆ ಮಿಂಚುವವರೆಗೆ, ಒರೆಸಿ ಕ್ಲಾಂಪು ಬಿಗಿದು ಮೇಲೆ ತೆಳ್ಳಗೆ ಗ್ರೀಸು, ಒತ್ತು ಎಂದೆನೋ ಇಲ್ಲವೋ ಅವನು ಒತ್ತಿದ —

ಎದ್ದಿತು. ಹೆಂಚು ನಡುಗಿತು, ಹೊಗೆ, ಆ ಸದ್ದು, ಎಷ್ಟು ದಿನದ ಮೇಲೆ, ಎದೆಯೊಳಗೇ ಎದ್ದ ಹಾಗೆ, ತೇಯುವ ಸದ್ದು ನಿಂತಿತೇ, ಅತ್ತೆ ಓಡಿ ಬರುತ್ತಿದ್ದಾರೆ, ಸೆರಗು ಜಾರಿದೆ, ಚಿಕ್ಕಸ್ವಾಮೀ, ಎಂದು ಮಗನನ್ನು ಕರೆಯುತ್ತ, ಬಾಗಿಲಲ್ಲಿ ನಿಂತರು, ಸೀಟಿನ ಮೇಲೆ ಲಿಂಗಣ್ಣ, ಅವನ ಮುಂಡಾಸು, ಅವನ ಬೆನ್ನು, ಅತ್ತೆ ನೋಡಿದರು, ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡೆ, ಅವ್ನು ಒಪ್ಪಿದ್ನಾ ಮಗಾ, ಎಂದು ಕೇಳಿದರು, ಮೆಲ್ಲಗೆ, ಎಂಜಿನ್ನಿನ ಸದ್ದಿನಲ್ಲಿ ತುಟಿ ನೋಡಿ ತಿಳಿದೆ, ಒಪ್ಪಿದರು ಅತ್ತೆ, ಎಂದೆ, ಲಿಂಗಣ್ಣ ಓಡಿಸಿಕೊಂಡು ಹೊಲದ ಕಡೆ ಹೋದ, ಸದ್ದು ಬೇಲಿ ದಾಟಿತು, ಕೊಟ್ಟಿಗೆ ಎಷ್ಟು ದೊಡ್ಡದು, ಅತ್ತೆ ಅಲ್ಲೇ ನಿಂತಿದ್ದಾರೆ, ಬಟ್ಟಲು ಒಂದು ಕೈಯಲ್ಲಿ, ಇನ್ನೊಂದು ಕೈ ಮುಂದಕ್ಕೆ, ಬೆರಳ ತುದಿಯಲ್ಲಿ ಆಗತಾನೆ ತೇಯ್ದ ಅರಿಸಿನ, ಹಚ್ಚಲು ಎತ್ತಿದ ಬೆರಳು, ಹಚ್ಚಲು ಏನೂ ಇಲ್ಲ, ಕೈ ಇಳಿಸುತ್ತಿಲ್ಲ, ಇಳಿಸಿ ಅತ್ತೆ ಎನ್ನಬೇಕು, ಆ ಬೆರಳು, ಹಸಿ ಅರಿಸಿನ, ಆ ಬೆರಳು