ಎಡಗಾಲಿನ ಪಟ್ಟಿ

ಪಟ್ಟಿ ಕಟ್ಟುತ್ತಿದ್ದದ್ದು ಎಡ ಮೊಣಕಾಲಿಗೆ, ನೋವಿದ್ದದ್ದು ಬಲ ಮೊಣಕಾಲಿಗೆ. ಪಟ್ಟಿ ಕಂಡ ಕಾಲಿಗೇ ಒದೆಯುವುದು ಫುಟ್‌ಬಾಲ್‌ನಲ್ಲಿ ಗೋಲಿಗೆ ಅಡ್ಡ ನಿಲ್ಲುವ ಎದುರು ತಂಡದ ಬ್ಯಾಕ್‌ಗಳ ಹಳೇ ಚಾಳಿ. ಅವರ ಕಣ್ಣಿಗೆ ಮಣ್ಣೆರಚಲು ನಾನೇ ಹೂಡಿದ ಉಪಾಯ ಇದು. ನನ್ನ ಹೆಂಡತಿ ಹಾಲವ್ವ ಮತ್ತು ಮೂಳೆ ಕೂಡಿಸುವ ವೈದ್ಯ, ಇಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಇಚಲಕರಂಜಿಯ ಮಗ್ಗದ ಕಾರಖಾನೆಯ ಮಾಲಕರು ನನ್ನನ್ನು ನೌಕರಿಗೆ ಇಟ್ಟುಕೊಂಡದ್ದು ನೂಲಿಗಲ್ಲ, ಗೋಲಿಗೆ. ಕೊಲ್ಹಾಪುರದ ಮೈದಾನದಲ್ಲಿ ನಾನೊಂದು ಗೋಲು ಹೊಡೆದರೆ ವಾರವೆಲ್ಲ ಅವರು ಮೀಸೆ ತಿರುವುತ್ತಿದ್ದರು. ವೈದ್ಯ ಮಾತ್ರ ಮುಖಕ್ಕೆ ಹೊಡೆದಂತೆ ಹೇಳಿದ್ದ: "ಬಸಗೊಂಡಾ, ಆ ಮೊಣಕಾಲಿಗೆ ಇನ್ನೊಂದ ಪೆಟ್ಟ ಬಿತ್ತಂದ್ರ ಆಟ ಅಷ್ಟ ಅಲ್ಲ, ನಡಿಯೂದೂ ಮರತಬಿಡು." ಅಂದಿನಿಂದ ಹೆದರಿಕೆ ನನ್ನ ಜೊತೆಗೇ ಉಂಡು ನನ್ನ ಜೊತೆಗೇ ಮಲಗುತ್ತಿತ್ತು.

೧೯೪೧ರಲ್ಲಿ ಗಡಹಿಂಗ್ಲಜದ ತಂಡದ ಮೇಲೆ ಪಂದ್ಯ ಬಂತು. ಅದು ಹಾಲವ್ವನ ತವರು. ಅವಳ ತಮ್ಮ ಅಣ್ಣಾಸಾಹೇಬ ಅಲ್ಲಿಯ ಬ್ಯಾಕ್. ನನ್ನನ್ನು ತಡೆಯುವುದೇ ಅವನ ಕೆಲಸ. ಹಾಗೆಂದು ಅಳಿಯ ಊರಿಗೆ ಬಂದು ಬೇರೆ ಕಡೆ ಇಳಿದುಕೊಂಡರೆ ಅತ್ತೆ ಚನ್ನವ್ವ ಸುಮ್ಮನಿರುತ್ತಾರೆಯೇ? ಹಿಂದಿನ ದಿನವೇ ಗಂಡಹೆಂಡತಿ ಹೋದೆವು. ಮಧ್ಯಾಹ್ನ ಹೋಳಿಗೆ ಊಟ.

ಅಣ್ಣಾಸಾಹೇಬ ನನ್ನ ಪಕ್ಕದ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ಸೋಗು ಬಯಲಾಗಬಾರದೆಂದು ಅಲ್ಲಿಯೂ ನಾನು ಪಟ್ಟಿ ಬಿಚ್ಚಿರಲಿಲ್ಲ. ಆದರೆ ಹೋಳಿಗೆಯ ವಾಸನೆಗೆ ಬುದ್ಧಿ ಎಲ್ಲಿ ಹೋಗಿತ್ತೋ! ಪಟ್ಟಿಯಿದ್ದ ಎಡಗಾಲನ್ನು ಸಲೀಸಾಗಿ ಮಡಚಿ, ಬಲಗಾಲನ್ನು ತಾಟಿನ ಪಕ್ಕ ಚಾಚಿಕೊಂಡೆ.

"ದಾಜೀ, ಆ ಕಾಲ ಯಾಕ ಚಾಚೀರಿ?" ಎಂದ ಅಣ್ಣಾಸಾಹೇಬ. ಅಕ್ಕನ ಗಂಡನೆಂದು ಅವನು ನನ್ನನ್ನು ದಾಜಿ ಎಂದೇ ಕರೆಯುತ್ತಿದ್ದ.

"ಜುಮ್ಮ ಹಿಡದೈತಿ," ಎಂದೆ.

ಅವನು ಪಟ್ಟಿ ನೋಡಿದ, ಚಾಚಿದ ಕಾಲು ನೋಡಿದ. "ಯವ್ವಾ, ದಾಜಿಗೆ ತುಪ್ಪ ಹಾಕ," ಎಂದು ಬೇಗ ಬೇಗ ಉಂಡು, ತನ್ನ ತಂಡದ ಕ್ಯಾಪ್ಟನ್‌ನ ಮನೆಗೆ ಹೊರಟುಹೋದ. ನನ್ನ ಗುಟ್ಟು ಹೇಳಲಿಕ್ಕೇ ಹೋದನೆಂದುಕೊಂಡೆ.

ಮರುದಿನ ಪಂದ್ಯದ ಮೊದಲರ್ಧ ಪೂರ್ತಿ ಒದೆಗಳು ಬಿದ್ದದ್ದು ಎಡಗಾಲಿಗೇ. ನನಗೆ ಸಮಾಧಾನವಾಗುವ ಬದಲು ಹೆದರಿಕೆ ಹೆಚ್ಚಿತು. ಅಣ್ಣಾಸಾಹೇಬ ಹೊತ್ತು ನೋಡುತ್ತಿದ್ದಾನೆ, ಬಲಗಾಲಿಗೆ ಒಂದೇ ಒದೆ ಉಳಿಸಿಕೊಂಡಿದ್ದಾನೆ ಎಂದುಕೊಂಡೆ. ದ್ವಿತೀಯಾರ್ಧದಲ್ಲಿ ಚೆಂಡು ನನ್ನ ಮುಂದೆ ಬಂದು ಬಿತ್ತು. ಬಲಗಡೆಯಿಂದ ಅಣ್ಣಾಸಾಹೇಬ ಓಡಿಬಂದ. ಅವನ ಕಣ್ಣು ಚೆಂಡಿನ ಮೇಲಿತ್ತೆಂದು ಈಗ ಗೊತ್ತು. ಆಗ ನಾನು ನೋಡಿದ್ದು ಅವನ ಬೂಟನ್ನಷ್ಟೇ. ಅವನು ಮುಟ್ಟುವ ಮೊದಲೇ ಒದ್ದೆ. ಚೆಂಡಿಗಲ್ಲ, ಅವನ ಕಾಲಿಗೆ. ಕಬ್ಬು ಮುರಿದಂಥ ಸದ್ದಾಯಿತು.

ಅವರ ಕ್ಯಾಪ್ಟನ್ ನನ್ನ ಅಂಗಿ ಹಿಡಿದು ಜಗ್ಗಿದ. "ಎಡಗಾಲಿಗೆ ಒದಿ ಅಂತ ಹೇಳಿದಾಂವ ನಾನು! ಅಂವನ ಕಾಲ ಯಾಕ ಮುರದಿ?"

ಎಡಗಾಲು! ನೋವಿದ್ದದ್ದು ಬಲಗಾಲಿಗೆಂದು ಅಣ್ಣಾಸಾಹೇಬ ಯಾರಿಗೂ ಹೇಳಿರಲಿಲ್ಲ. ಅವನನ್ನು ಎತ್ತಿಕೊಂಡು ಹೋಗುವಾಗ ಹತ್ತಿರ ಹೋದೆ. ನೋವಿಗೆ ಹಲ್ಲು ಕಚ್ಚಿಕೊಂಡೇ ಅವನು ಹೇಳಿದ: "ಅಕ್ಕಗ ಖರೇ ಹೇಳಬ್ಯಾಡ್ರಿ. ಚೆಂಡಿಗೆ ಹ್ವಾದಾಗ ಬಡೀತು ಅನ್ರಿ."

ಆ ದಿನದ ನಂತರ ನಾನು ಚೆಂಡು ಮುಟ್ಟಲಿಲ್ಲ. ನನ್ನ ಕಾಲು ಇವತ್ತಿಗೂ ನಡೆಯುತ್ತದೆ. ಕುಂಟುವವನು ಅವನು.

ಅಂದು ಸಂಜೆ ಊಟಕ್ಕೆ ಇಬ್ಬರೂ ಪಕ್ಕ ಪಕ್ಕ ಕುಳಿತೆವು. ಅವನ ದಬ್ಬೆ ಕಟ್ಟಿದ ಕಾಲು, ನನ್ನ ಬಲಗಾಲು, ಎರಡೂ ಚಾಚಿದ್ದವು. ಅತ್ತೆ ಗಾಬರಿಯಾಗಿ ಕೇಳಿದರು: "ಅಳಿಯಾರ, ನಿಮ್ಮ ಬಲಗಾಲಿಗೂ ಏನರ ಆಗೇತೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಣ್ಣಾಸಾಹೇಬ ಅಂದ: "ಜುಮ್ಮ ಹಿಡದೈತಿ ಬಿಡ ಯವ್ವಾ. ದಾಜಿಗೆ ತುಪ್ಪ ಹಾಕ."

ಅತ್ತೆ ತುಪ್ಪ ಹಾಕಿದರು. ನಾನು ತಾಟಿನ ಮುಂದೆಯೇ ಅತ್ತುಬಿಟ್ಟೆ.