ಶುಕ್ರವಾರದ ಮೊಟ್ಟೆ ಮತ್ತು ಗಾಜಿನ ಪೆಟ್ಟಿಗೆ

ಅಟ್ರಾಕ್ಟಾ ಗಿಲ್ಹೂಲಿ ಕೋಳಿಯ ಎದೆಯ ಪುಕ್ಕ ಮುಗಿಸಿ ರೆಕ್ಕೆಯ ಬುಡಕ್ಕೆ ಕೈ ಹಾಕುವಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತಿತು. ಬಿಸಿನೀರಿನಲ್ಲಿ ಅದ್ದಿ ತೆಗೆದ ಕೋಳಿ ಯಾರಿಗೋಸ್ಕರವೂ ಕಾಯುವುದಿಲ್ಲ. ತಣ್ಣಗಾಯಿತೆಂದರೆ ಪುಕ್ಕದ ಜೊತೆ ಚರ್ಮವೂ ಕಿತ್ತು ಬರುತ್ತದೆ. ಹಾಗಾಗಿ ಅವಳು ತಲೆ ಎತ್ತಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದವಳು ಮಡಿಲ ಗೋಣಿಚೀಲದ ಮೇಲೆ ಕೋಳಿಯನ್ನು ಮಗುಚಿ ಹಾಕಿಕೊಂಡಳು.

"ಮಿಸ್ ಗಿಲ್ಹೂಲಿ? ನಾನು ಸೋರ್ಚಾ ಮಗೌರನ್, ಪೇಟೆ ಲೈಬ್ರರಿಯಿಂದ. ನಿಮಗೆ ಕಾಗದ ಬರೆದಿದ್ದೆ."

"ಬಂದಿತ್ತು. ಒಲೆ ಹಚ್ಚೋಕಾಯ್ತು. ಒಳ್ಳೆ ಕಾಗದ, ಬೇಗ ಹತ್ಕೊಳ್ತು."

ಬಂದವಳು ನಕ್ಕಳು. ಕುತ್ತಿಗೆಗೆ ಉಣ್ಣೆಯ ಶಾಲು ಸುತ್ತಿದ್ದ, ಕೂದಲು ಅಲ್ಲಲ್ಲಿ ನರೆತ ಹೆಂಗಸು. ಬೈದರೆ ನಗುವವರನ್ನು ಕಂಡರೆ ಅಟ್ರಾಕ್ಟಾಗೆ ಆಗುತ್ತಿರಲಿಲ್ಲ. ಬೈದದ್ದು ವ್ಯರ್ಥವಾಯಿತಲ್ಲ ಎನಿಸುತ್ತಿತ್ತು.

"ನೀವೂ ಒಂದು ಸಂದೇಶ ಕಳಿಸಿದ್ರಂತೆ. ಪ್ಯಾಕಿ ಅನ್ನೋರು ಬಂದು ಹೇಳಿದ್ರು. ನಿಮ್ಮ ಅಮ್ಮನ ಫೋಟೋನ ಲೈಬ್ರರಿಯಿಂದ ತೆಗೆದುಹಾಕ್ಬೇಕು ಅಂತ."

"ಅಂತ ಅಲ್ಲ. ತೆಗೀಬೇಕು."

ಮಾಲಕಿ ಡೆವಾನಿ ಎಂಬಾತ ಈ ಊರಿನವನೇ. ನಾಟಕ ಬರೆದು ಡಬ್ಲಿನ್ನಿನಲ್ಲಿ, ಆಮೇಲೆ ಲಂಡನ್ನಿನಲ್ಲಿ ಹೆಸರು ಮಾಡಿ, ಹೆಸರಿನಷ್ಟೇ ಹೊಟ್ಟೆಯನ್ನೂ ಬೆಳೆಸಿಕೊಂಡು ಸತ್ತ. ಬದುಕಿದ್ದಾಗ ಅವನನ್ನು ಕುಡುಕ ಎನ್ನುತ್ತಿದ್ದ ಊರು ಸತ್ತ ಮೇಲೆ ನಮ್ಮ ಮಾಲಕಿ ಎಂದಿತು. ಪೇಟೆಯ ಲೈಬ್ರರಿ ಅವನ ಹಸ್ತಪ್ರತಿ, ಪತ್ರ, ಚಿತ್ರ, ಪಾತ್ರೆ ಎಲ್ಲವನ್ನೂ ತರಿಸಿಕೊಂಡು 'ಡೆವಾನಿ ಸಂಗ್ರಹ' ಎಂದು ಒಂದು ಕೋಣೆಯನ್ನೇ ತೆರೆದಿತ್ತು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅಟ್ರಾಕ್ಟಾಳ ಅಮ್ಮನ ಫೋಟೋ ಇಟ್ಟು, ಕೆಳಗೆ 'ಮೊಟ್ಟೆಯ ಹೆಂಗಸು' ಎಂದು ಬರೆದಿದ್ದರಂತೆ. ನೋಡಿಬಂದು ಹೇಳಿದವನು ಪಕ್ಕದ ಮನೆಯ ಪ್ಯಾಕಿ. ಹೇಳುವಾಗ ಅವನ ತುಟಿ ನಗು ತಡೆಯಲಾರದೆ ನಡುಗುತ್ತಿತ್ತು.

ಆ ಮೊಟ್ಟೆಯ ಕಥೆ ಊರಿಗೆಲ್ಲ ಗೊತ್ತು. ಹಿಂದೆ, ಮನೆ ಬಲಿಪೂಜೆಯ ಸರದಿ ಗಿಲ್ಹೂಲಿಯವರದಾಗಿತ್ತು. ಕೇರಿಯ ಒಂದೊಂದು ಮನೆಗೂ ಸರದಿಯ ಮೇಲೆ ಪಾದ್ರಿ ಬಂದು ಅಡುಗೆಮನೆಯ ಮೇಜಿನ ಮೇಲೆ ಪೂಜೆ ಮಾಡುತ್ತಾರೆ, ಅಕ್ಕಪಕ್ಕದವರೆಲ್ಲ ಸೇರುತ್ತಾರೆ, ಆಮೇಲೆ ಪಾದ್ರಿಗೆ ಹಜಾರದಲ್ಲಿ ತಿಂಡಿ. ಅದಕ್ಕಾಗಿ ಮನೆಗೆ ಸುಣ್ಣ ಹೊಡೆಯಬೇಕು, ಬಾಗಿಲಿಗೆ ಬಣ್ಣ ಬಳಿಯಬೇಕು, ಇಲ್ಲದ ಲೋಟ ತಟ್ಟೆಗಳನ್ನು ಎರವಲು ತರಬೇಕು. ಅಮ್ಮ ಎಲ್ಲ ಮಾಡಿದ್ದಳು. ಆದರೆ ಕಾವಿಗೆ ಕೂತ ಕೋಳಿಯ ಕೆಳಗಿನ ಮೊಟ್ಟೆಯೊಂದು ಬುಟ್ಟಿಗೆ ಸೇರಿಬಿಟ್ಟಿತ್ತು. ಫಾದರ್ ಕಿಲ್ಬ್ರೈಡ್ ಚಮಚದಿಂದ ಮೊಟ್ಟೆಯ ತಲೆ ಹಾರಿಸಿದರೆ ಒಳಗೆ ಕೊಕ್ಕು ಸಮೇತ ಮರಿ. ಅಂದು ಶುಕ್ರವಾರ, ಮಾಂಸ ಮುಟ್ಟುವಂತಿಲ್ಲ. ಅಮ್ಮ ಕೈ ಜೋಡಿಸಿಕೊಂಡು ಕೇಳಿದಳು: "ಫಾದರ್, ಇದು ಮೊಟ್ಟೆಯೋ ಮಾಂಸವೋ ನೀವೇ ತೀರ್ಮಾನ ಮಾಡಿ. ಮೊಟ್ಟೆ ಅನ್ನೋದಾದ್ರೆ ಉಪ್ಪು ಇಲ್ಲೇ ಇದೆ."

ಆಗ ಹಜಾರದಲ್ಲಿದ್ದವರು ಮೂವರೇ. ಅಮ್ಮ, ಪಾದ್ರಿ, ಚಹಾ ಬಗ್ಗಿಸುತ್ತಿದ್ದ ಅಟ್ರಾಕ್ಟಾ. ಆ ಮಧ್ಯಾಹ್ನ ಅಮ್ಮ ಅವಳ ಕೈಗೆ ಜಪಮಾಲೆ ಕೊಟ್ಟು, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿಸಿದ್ದಳು. ಅಟ್ರಾಕ್ಟಾ ಹೇಳಿದ್ದು ಅಕ್ಕ ಡಿಂಫ್ನಾಗೆ ಮಾತ್ರ. ಡಿಂಫ್ನಾ ಆಗ ಮಾಲಕಿ ಡೆವಾನಿಯ ಸೈಕಲ್ಲಿನ ಹಿಂದೆ ಕೂತು ಕುಣಿತಕ್ಕೆ ಹೋಗುತ್ತಿದ್ದ ಕಾಲ. ಮುಂದಿನ ಚಳಿಗಾಲ ಅಮ್ಮ ತೀರಿಕೊಂಡಳು. ಅವಳ ಸಮಾಧಿಯ ಮಣ್ಣು ಇನ್ನೂ ಕೂತಿರಲಿಲ್ಲ, 'ಶುಕ್ರವಾರದ ಮೊಟ್ಟೆ' ರಂಗಕ್ಕೆ ಬಂತು. ಅಮ್ಮನ ಮಾತು, ಅಮ್ಮನ ಕೈ ಜೋಡಿಸುವಿಕೆ, ಅಮ್ಮನ ಉಪ್ಪು. ಡಬ್ಲಿನ್ನಿನ ಮಂದಿ ಕುರ್ಚಿಯಿಂದ ಬೀಳುವ ಹಾಗೆ ನಕ್ಕರು. ಊರಿನ ಮಂದಿ ಅಟ್ರಾಕ್ಟಾ ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬಂದರೆ "ಮೊಟ್ಟೆಯೋ ಮಾಂಸವೋ?" ಎಂದು ಕೂಗಿದರು.

ಅಟ್ರಾಕ್ಟಾ ಅಕ್ಕನಿಗೆ ಒಂದೇ ಮಾತು ಹೇಳಿದಳು, ಅಮ್ಮನನ್ನೇ ಮಾರಿಕೊಂಡವಳು ಎಂದು. ನಾನಲ್ಲ ಎಂದು ಡಿಂಫ್ನಾ ಅತ್ತಳು. ಆಮೇಲೆ ಲೀಡ್ಸಿಗೆ ಹೋಗಲು ಹಡಗು ಹತ್ತಿದಳು, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು, ಮದುವೆಯಾಗಲಿಲ್ಲ. ಮಾಲಕಿ ಒಂದು ಸಲ ಬಾಗಿಲಿಗೆ ಬಂದು "ನಿನ್ನ ಅಮ್ಮ..." ಎಂದು ಶುರುಮಾಡಿದ. ಆಲೂಗಡ್ಡೆ ತೊಳೆದ ನೀರು ಅವನ ಸೂಟಿನ ಮೇಲೆ ಬಿತ್ತು. ಮನೆ ಬಲಿಪೂಜೆಯ ಸರದಿ ಬಂದಾಗಲೆಲ್ಲ ಅಟ್ರಾಕ್ಟಾ ಅದನ್ನು ಮುಂದಿನ ಮನೆಗೆ ದಾಟಿಸಿದಳು.

ಈಗ ಗಡಿಯಾರದ ಹಿಂದೆ ಡಿಂಫ್ನಾಳ ಕಾಗದವೊಂದು ಕೂತಿತ್ತು. ಎದೆಯ ಕಾಯಿಲೆ ಜೋರಾಗಿದೆ; ಅಮ್ಮನ ಸಮಾಧಿಯಲ್ಲಿ ಇನ್ನಿಬ್ಬರಿಗೆ ಜಾಗವಿದೆ; ಜಾಗ ನಿನ್ನ ಹೆಸರಿನಲ್ಲಿದೆ, ನೀನು ಒಪ್ಪದೆ ಪಾದ್ರಿ ಮಣ್ಣು ಅಗೆಸುವುದಿಲ್ಲ; ನನ್ನನ್ನು ಅಲ್ಲಿ ಹಾಕಲು ಬಿಡುತ್ತೀಯಾ? ಇಷ್ಟೇ ಅದರಲ್ಲಿದ್ದದ್ದು. ಅದು ಬಂದದ್ದು ಕಳೆದ ಈಸ್ಟರಿನ ಮುಂಚಿನ ತಪಸ್ಸುಕಾಲದಲ್ಲಿ. ಅಟ್ರಾಕ್ಟಾ ಉತ್ತರ ಬರೆಯಲು ಕೂತಾಗಲೆಲ್ಲ 'ಇಲ್ಲ' ಎಂಬ ಮಾತು ಸುಲಭವಾಗಿ ಬರುತ್ತಿತ್ತು, ಲಕೋಟೆ ಅಂಟಿಸುವುದು ಮಾತ್ರ ಆಗದೆ ಅದೂ ಗಡಿಯಾರದ ಹಿಂದೆಯೇ ಉಳಿದಿತ್ತು.

"ಒಂದು ಮಾತು, ಮಿಸ್ ಗಿಲ್ಹೂಲಿ," ಎಂದಳು ಸೋರ್ಚಾ. "ಡೆವಾನಿಯವರು ಮನೆ ಮನೆಗೆ ಹೋಗಿ ಟೇಪ್ ಮಾಡ್ಕೊಂಡಿದ್ದ ಸುರುಳಿಗಳು ಈಗ ಸಿಕ್ಕಿವೆ. ಒಂದರಲ್ಲಿ ಒಬ್ಬ ಹೆಂಗಸಿನ ದನಿ. ಹೆಸರು ಬರೆದಿಲ್ಲ. ನೀವು ಬಂದು ಕೇಳಿ. ಕೇಳಿದ ಮೇಲೂ ಫೋಟೋ ಬೇಡ ಅಂದ್ರೆ ನಿಮ್ಮ ಕೈಗೇ ಕೊಡ್ತೀನಿ."

"ಮಾತು ತಪ್ಪಿದ್ರೆ?"

"ಈ ಕೋಳಿ ಥರ ನನ್ನ ಪುಕ್ಕಾನೂ ಕೀಳಿ."

ಅಟ್ರಾಕ್ಟಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಕಿತ್ತರೂ ಸಾರಿಗಾಗಲ್ಲ ನೀನು," ಎಂದಳು.

ಮರುದಿನ ಪ್ಯಾಕಿಯ ವ್ಯಾನಿನಲ್ಲಿ ಪೇಟೆಗೆ ಹೋದಳು. ಕುರಿ ಸಾಗಿಸುವ ವ್ಯಾನು. ಪ್ಯಾಕಿ ಅವಳಿಗಾಗಿ ಸೀಟಿನ ಮೇಲೆ ದಿನಪತ್ರಿಕೆ ಹಾಸಿದ್ದ.

"ಡೆವಾನಿಗೆ ನಮಸ್ಕಾರ ಹೇಳು ಅಟ್ರಾಕ್ಟಾ," ಎಂದ.

"ಕುರಿಗಳಿಗೆ ಹೇಳ್ತೀನಿ. ನಿಮ್ಮಿಬ್ಬರಿಗಿಂತ ತಿಳಿವಳಿಕೆ ಇದೆ ಅವಕ್ಕೆ."

ಕೋಣೆಯ ಬಾಗಿಲಲ್ಲೇ ಅವಳ ಚೀಲ ತೆಗೆದಿಡಿಸಿದರು. ಪೆನ್ನು ಇದೆಯೇ ಎಂದು ಕೇಳಿದರು, ಒಳಗೆ ಪೆನ್ಸಿಲಿಗೆ ಮಾತ್ರ ಅವಕಾಶವಂತೆ. ಚರ್ಚಿನಲ್ಲಿ ಕೂಡ ಇಷ್ಟು ಪಿಸುಮಾತು ಇರುತ್ತಿರಲಿಲ್ಲ. ಅಟ್ರಾಕ್ಟಾ ಬೆನ್ನ ಹಿಂದೆ ಕೈ ಕಟ್ಟಿಕೊಂಡು, ದನದ ಸಂತೆಯಲ್ಲಿ ಬಡಕಲು ಕರು ನೋಡುವವಳ ಹಾಗೆ ಗಾಜಿನ ಪೆಟ್ಟಿಗೆಗಳ ಮುಂದೆ ನಡೆದಳು. ಮಾಲಕಿಯ ಟೋಪಿ. ಮಾಲಕಿಯ ಒಂದು ಕಡ್ಡಿ ಮುರಿದ ಕನ್ನಡಕ. ಹಣ ಕಳಿಸುತ್ತೇನೆಂದು ಮಾಲಕಿ ದರ್ಜಿಗೆ ಬರೆದ ಸುಳ್ಳು, ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ. ಮಾಲಕಿಯ ಕೆಸರು ಬೂಟುಗಳು. ಅವನು ಬದುಕಿದ್ದಾಗ ಇವನ್ನು ಯಾವ ಹೆಂಗಸೂ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಈಗ ಅವಕ್ಕೆ ಮಖಮಲ್ಲಿನ ಹಾಸು.

ಒಂದು ಪೆಟ್ಟಿಗೆಯಲ್ಲಿ 'ನಾಟಕಕಾರರ ಸ್ವಂತ ಪುಸ್ತಕಗಳು' ಎಂದಿತ್ತು. ಅಟ್ರಾಕ್ಟಾ ಬಗ್ಗಿ ನೋಡಿದಳು.

"ಇದರ ಮೇಲಿರೋ ಮುದ್ರೆ ಯಾರದು?"

ಸೋರ್ಚಾ ಕೆಮ್ಮಿದಳು. "ನಮ್ಮದು. ಅವರು ಎರವಲು ತಗೊಂಡು ಹೋಗಿದ್ರು."

"ವಾಪಸು ಕೊಡಲಿಲ್ಲ."

"ಇಲ್ಲ. ಅವರ ಮನೆಯವರು ಈಗ ದಾನ ಕೊಟ್ರು. ನಾವು... ಧನ್ಯವಾದದ ಫಲಕ ಹಾಕಿದ್ವಿ."

"ನಿಮ್ಮ ಪುಸ್ತಕ ನಿಮಗೇ ಕೊಟ್ಟದ್ದಕ್ಕೆ! ಸತ್ತೂ ಅವನು ನಿಮ್ಮನ್ನ ಆಡಿಸ್ತಿದ್ದಾನಲ್ಲ ಮಾರಾಯ್ತಿ. ಅವನನ್ನ ಬಿಡು, ಅವನು ಹಾಗೇ. ಇಷ್ಟೆಲ್ಲ ಓದಿದೋರು ನೀವು."

ಬೂಟುಗಳ ಪಕ್ಕದಲ್ಲೇ ಅಮ್ಮನ ಫೋಟೋ ಇತ್ತು. ಬಾಗಿಲಲ್ಲಿ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕಂಕುಳಲ್ಲಿ ಕೋಳಿ ಹಿಡಿದಿದ್ದಳು. ಅಟ್ರಾಕ್ಟಾ ಆ ಕಡೆ ಹೆಚ್ಚು ಹೊತ್ತು ನೋಡಲಿಲ್ಲ.

ಸೋರ್ಚಾ ಅವಳನ್ನು ಕೂರಿಸಿ ಗುಂಡಿ ಒತ್ತಿದಳು. ಮೊದಲು ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಈಗಲೂ ಅಡುಗೆಮನೆಯಲ್ಲಿ ಕುಂಟುತ್ತ ನಡೆಯುವ ಅದೇ ಗಡಿಯಾರ. ಆಮೇಲೆ ದನಿ ಬಂತು.

"ಬಾ ಮಾಲಕಿ, ಕೂತ್ಕೋ. ಬೆಕ್ಕಿನ ಮೇಲೆ ಕೂರಬೇಡ. ನಿನ್ನ ಈ ಯಂತ್ರಕ್ಕೂ ಚಹಾ ಬೇಕೇನೋ?"

ಅಟ್ರಾಕ್ಟಾಳ ಕೈ ತಾನಾಗಿಯೇ ಕೊರಳ ಗುಂಡಿಯ ಹತ್ತಿರ ಹೋಯಿತು.

ಅಮ್ಮ ಕಥೆ ಹೇಳಿದಳು. ಸುಣ್ಣದಿಂದ ಶುರುಮಾಡಿ ಉಪ್ಪಿನವರೆಗೂ ಹೇಳಿದಳು. ಫಾದರ್ ಕಿಲ್ಬ್ರೈಡರ ಮೂಗಿನ ದನಿ, ಚಮಚ ಬಿದ್ದ ಸದ್ದು, ಮರಿಯ ಕೊಕ್ಕು, ಎಲ್ಲವನ್ನೂ ಮಾಡಿ ತೋರಿಸಿದಳು. "ಅವರಿಗೆ ಯಾಕೆ ಹಾಗಂದೆ ಗೊತ್ತಾ? ಮುಖ ನೋಡಬೇಕಿತ್ತು ನನಗೆ. ಇಪ್ಪತ್ತು ವರ್ಷದಿಂದ ನನ್ನ ಪಾಪಗಳನ್ನೆಲ್ಲ ತೂಗಿದೋರು, ಒಂದು ಮೊಟ್ಟೆ ತೂಗೋಕೆ ಬರದೆ ಬಾಯಿ ಬಿಟ್ಕೊಂಡು ಕೂತಿದ್ರು!" ಎಂದು ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು. ಆ ಕೆಮ್ಮೇ ಚಳಿಗಾಲದಲ್ಲಿ ಅವಳನ್ನು ತೆಗೆದುಕೊಂಡು ಹೋಗಿತ್ತು.

"ಇದನ್ನ ನಾಟಕಕ್ಕೆ ಹಾಕ್ಲಾ ನೋರಾ?" ಮಾಲಕಿಯ ಎಳೆಯ ದನಿ.

"ಮತ್ತೆ ನಿನಗೆ ಯಾಕೆ ಹೇಳಿದೆ? ಹಾಕು. ಚೆನ್ನಾಗಿ ಹಾಕು. ಹಾಳು ಮಾಡಿದ್ಯೋ, ಬೂಟಲ್ಲಿ ಮೊಟ್ಟೆ ಒಡೀತೀನಿ."

"ಹುಡುಗೀರು?"

"ಡಿಂಫ್ನಾ ಬಾಯಿ ಬಿಡಲ್ಲ, ಮೊಟ್ಟೆ ಬಗ್ಗೆ ನಾನು ಅಷ್ಟು ಕೆಣಕಿದ್ರೂ ಗೊತ್ತಿಲ್ಲದೋಳ ಥರ ಇದ್ಲು. ಅಟ್ರಾಕ್ಟಾಗೆ ಮಾತ್ರ ಈಗ ಹೇಳಬೇಡ. ಅವಳಿಗೆ ನಗೋಕೂ ಬಿಷಪ್ಪರ ಅಪ್ಪಣೆ ಬೇಕು. ಯಾರಿಗೂ ಹೇಳಬೇಡ ಅಂತ ಜಪಮಾಲೆ ಮೇಲೆ ಆಣೆ ಹಾಕಿಸ್ಕೊಂಡಿದ್ದೀನಿ."

"ನಾಚಿಕೆಗಾ?"

"ಎಂಥ ನಾಚಿಕೆ! ಅವಳು ಮೊದಲು ಹೇಳಿಬಿಟ್ರೆ ಕಥೆ ಸಪ್ಪೆಯಾಗಿ ಹೋಗುತ್ತೆ. ಆ ಹುಡುಗಿಗೆ ಕಥೆ ಹೇಳೋಕೆ ಬರಲ್ಲ ಮಾಲಕಿ. ಮರಣದ ಸುದ್ದಿ ಓದಿದ ಹಾಗೆ ಹೇಳ್ತಾಳೆ."

ಇಬ್ಬರೂ ನಕ್ಕರು. ಸುರುಳಿ ಮುಗಿಯಿತು.

ಸೋರ್ಚಾ ಯಂತ್ರ ನಿಲ್ಲಿಸಿದಳು. ಅಟ್ರಾಕ್ಟಾ ಗೋಡೆಯನ್ನು ನೋಡುತ್ತ ಕೂತಳು. ಇಷ್ಟು ವರ್ಷ ಅಮ್ಮನ ಮಾನವನ್ನು ಕಾಯುತ್ತ ಬಾಗಿಲಲ್ಲಿ ನಿಂತಿದ್ದಳು. ಅಮ್ಮನೋ, ಹಿಂಬಾಗಿಲಿನಿಂದ ಅದನ್ನು ತಾನೇ ಕರೆದುಕೊಂಡು ಹೋಗಿ ಕುಣಿಸಿದ್ದಳು. ಮಾಲಕಿ ಬಾಗಿಲಿಗೆ ಬಂದು ಹೇಳಹೊರಟದ್ದು ಇದೇ ಇರಬೇಕು. ಮತ್ತೆ ಡಿಂಫ್ನಾ? ತನಗೆ ಗೊತ್ತಿದ್ದೂ ಅಮ್ಮನ ಮುಂದೆ ತಂಗಿ ಆಣೆ ಮುರಿದದ್ದನ್ನು ಬಿಟ್ಟುಕೊಡದೆ ಬಾಯಿ ಮುಚ್ಚಿಕೊಂಡಿದ್ದವಳು. ಅಂಥವಳನ್ನು ಮಾರಿಕೊಂಡವಳು ಎಂದು ಕರೆದ ಬಾಯಿ ಇದು. ಊರಿನವರನ್ನೆಲ್ಲ ಮೂರ್ಖರೆಂದು ತೂಗಿ ಎಸೆದ ತಕ್ಕಡಿಯಲ್ಲಿ ಈಗ ಒಬ್ಬಳೇ ಕೂತಿದ್ದಳು.

"ಗುರುತು ಸಿಕ್ತಾ?" ಎಂದಳು ಸೋರ್ಚಾ ಮೆಲ್ಲಗೆ.

"ಹೊನೋರಾ ಗಿಲ್ಹೂಲಿ. ಬರ್ಕೋ. ಪೆನ್ಸಿಲಲ್ಲೇ ಬರ್ಕೋ, ನಿಮ್ಮ ದೇವರಿಗೆ ಕೋಪ ಬರದೆ ಇರಲಿ." ಎದ್ದು ಕೋಟು ಸರಿಮಾಡಿಕೊಂಡಳು. "'ಮೊಟ್ಟೆಯ ಹೆಂಗಸು' ಅನ್ನೋದನ್ನ ಕಿತ್ತು ಹಾಕಿ ಹೆಸರು ಹಾಕು. ಫೋಟೋ ಇರಲಿ. ಆದ್ರೆ ಆ ಬೂಟಿನ ಪಕ್ಕ ಬೇಡ. ಮೇಲಿನ ಹಲಗೇಲಿ ಇಡು. ಅವನು ಕೆಳಗಿರಲಿ. ನಾಟಕ ಅವಳದು, ಅವನು ಬರೆದುಕೊಂಡೋನು, ಅಷ್ಟೆ."

"ಹಾಗೇ ಮಾಡ್ತೀನಿ."

"ಆ ಪುಸ್ತಕಗಳನ್ನೂ ವಾಪಸು ಕಪಾಟಿಗೆ ಸೇರಿಸು. ಯಾರಾದ್ರೂ ಓದಲಿ."

ವ್ಯಾನಿನಲ್ಲಿ ಪ್ಯಾಕಿ ಅವಳ ಮುಖವನ್ನೇ ಕದ್ದು ನೋಡುತ್ತಿದ್ದ. "ಏನಾಯ್ತು? ಡೆವಾನಿ ಏನಂದ?"

"ಬಾಯಿ ಮುಚ್ಚಿ ಓಡಿಸು. ಅಂಚೆಯವನು ಪೆಟ್ಟಿಗೆ ತೆರೆಯೋ ಮುಂಚೆ ಮನೆ ಸೇರಿಸು. ಸೇರಿಸಿದ ಮೇಲೆ ಗೇಟಲ್ಲೇ ಕಾದಿರು."

ಮನೆಗೆ ಬಂದು ಕೋಟು ಬಿಚ್ಚದೆ ಮೇಜಿಗೆ ಕೂತಳು. ಗಡಿಯಾರದ ಹಿಂದಿನ 'ಇಲ್ಲ'ವನ್ನು ಒಲೆಗೆ ಹಾಕಿದಳು. ಹೊಸ ಹಾಳೆ ತೆಗೆದಳು. ಕ್ಷಮಿಸು ಎಂದು ಬರೆಯಲು ಪೆನ್ನು ಒತ್ತಿದಳು. ಅದು ಬರಲಿಲ್ಲ, ಅವಳ ಕೈಗೆ ಆ ರೂಢಿಯಿರಲಿಲ್ಲ. ಬಂದದ್ದನ್ನು ಬರೆದಳು.

'ಡಿಂಫ್ನಾ, ಮಾಲಕಿಗೆ ಹೇಳಿದ್ದು ಅಮ್ಮನೇ. ಅವಳ ಬಾಯಿಂದಲೇ ಕೇಳಿದೆ. ನೀನಲ್ಲ. ನೀನು ಬಾಯಿ ಬಿಡಲಿಲ್ಲ ಎಂಬುದೂ ಗೊತ್ತಾಯಿತು. ಸಮಾಧಿಯಲ್ಲಿ ಗೋಡೆಯ ಕಡೆಯ ಜಾಗ ನಿನ್ನದು. ಅಮ್ಮನ ಪಕ್ಕ ನಾನೇ ಮಲಗುತ್ತೇನೆ, ಅವಳ ಹತ್ತಿರ ನನಗೆ ಮಾತಾಡುವುದಿದೆ. ಆದರೆ ಪೆಟ್ಟಿಗೆಯಲ್ಲಿ ಬರಬೇಡ, ಕಾಲ ಮೇಲೆ ಬಾ. ಈ ವಸಂತದಲ್ಲಿ ಮನೆ ಬಲಿಪೂಜೆಯ ಸರದಿ ನಮ್ಮದು, ಈ ಸಲ ದಾಟಿಸುವುದಿಲ್ಲ. ಸುಣ್ಣ ನಾನು ಹೊಡೆಸುತ್ತೇನೆ. ಮೊಟ್ಟೆ ನೀನು ನೋಡಿಕೋ. ನನ್ನನ್ನು ಯಾರೂ ನಂಬುವುದಿಲ್ಲ. ಅಟ್ರಾಕ್ಟಾ.'

ಮತ್ತೊಮ್ಮೆ ಓದಿದಳು. ಮರಣದ ಸುದ್ದಿಯ ಹಾಗೇ ಇತ್ತು. ಇರಲಿ ಎಂದು ಲಕೋಟೆಯ ಅಂಚನ್ನು ನಾಲಿಗೆಯಿಂದ ಒದ್ದೆಮಾಡಿ, ಮುಷ್ಟಿಯಿಂದ ಗುದ್ದಿ ಅಂಟಿಸಿದಳು.

ಪ್ಯಾಕಿ ಕೈ ಚಾಚಿದ. "ಕೊಡು, ನಾನೇ ಹಾಕ್ತೀನಿ."

"ನಿನ್ನ ಕೈಗೆ ಕೊಟ್ರೆ ಕುರಿ ತಿನ್ನುತ್ತೆ," ಎಂದು ಅವಳೇ ವ್ಯಾನು ಹತ್ತಿದಳು. ನಾಲ್ಕು ದಾರಿ ಕೂಡುವಲ್ಲಿ ಇಳಿದು, ಹಸಿರು ಅಂಚೆಪೆಟ್ಟಿಗೆಯ ಬಾಯೊಳಗೆ ಮೊಣಕೈವರೆಗೂ ಕೈ ತೂರಿಸಿ ಕಾಗದವನ್ನು ಬಿಟ್ಟಳು.